ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವನ್ಯಜೀವಿ ಹಾಗೂ ನಿಸರ್ಗ ಛಾಯಾಗ್ರಹಣ: ಕುಟುಂಬ ಸಮೇತ ಬರುವ ಪ್ರವಾಸಿಗರಿಗೆ ಮಾಹಿತಿ

ಬೇಸಿಗೆ, ದಸರಾ ಹಾಗೂ ವರ್ಷಾಂತ್ಯದ ರಜೆಗಳಲ್ಲಿ ಕೋಲಾರ ಜಿಲ್ಲೆಯ ಬೆಟ್ಟಗುಡ್ಡ, ಕೆರೆ ಮತ್ತು ಮಾವಿನ ತೋಪುಗಳಿಗೆ ಕುಟುಂಬ ಸಮೇತ ಭೇಟಿ ನೀಡಿ ಛಾಯಾಚಿತ್ರ ತೆಗೆಯಲು ಬಯಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಯಾವ ಸ್ಥಳದಲ್ಲಿ ಏನು ಕಾಣಸಿಗುತ್ತದೆ, ಯಾವುದಕ್ಕೆ ಅನುಮತಿ ಅವಶ್ಯಕ, ಯಾವ ಸ್ಥಳಕ್ಕೆ ಕ್ಯಾಮೆರಾ ಒಯ್ಯಬಾರದು ಎಂಬುದನ್ನು ಇಲ್ಲಿ ತಿಳಿಸಲಾಗಿದೆ. ನಂದಿಬೆಟ್ಟ, ಕೈವಾರ ಮುಂತಾದ ಸ್ಥಳಗಳು 2007ರಲ್ಲಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು, ಅವುಗಳ ಬಗ್ಗೆ ಆ ಜಿಲ್ಲೆಯ ಕಛೇರಿಗಳನ್ನೇ ಸಂಪರ್ಕಿಸತಕ್ಕದ್ದು.

ಪ್ರದೇಶದ ಸ್ವರೂಪ

ಈ ನಾಲ್ಕು ತಾಲ್ಲೂಕುಗಳಲ್ಲಿ ದಟ್ಟ ಕಾಡನ್ನು ನಿರೀಕ್ಷಿಸಿ ಬರುವವರಿಗೆ ನಿರಾಶೆಯಾದೀತು. ಇದು ಬಯಲುಸೀಮೆಯ ಬಂಡೆಗಲ್ಲು, ಕುರುಚಲು ಕಾಡು ಮತ್ತು ಕೆರೆಗಳ ನಾಡು. ಬಂಡೀಪುರ ಅಥವಾ ನಾಗರಹೊಳೆಯಂತೆ ವಾಹನದಲ್ಲಿ ಕುಳಿತು ಪ್ರಾಣಿ ನೋಡುವ ವ್ಯವಸ್ಥೆ ಈ ಬೆಟ್ಟಗುಡ್ಡಗಳಲ್ಲಿ ಇಲ್ಲ. ಆದರೆ ನಿಧಾನವಾಗಿ ನಡೆದು ಸೂಕ್ಷ್ಮವಾಗಿ ಗಮನಿಸುವವರಿಗೆ ಇಲ್ಲಿಯ ಒಂದು ಬಂಡೆಯ ಸುತ್ತ ಒಂದು ಬೆಳಗಿನ ಕೆಲಸವಿದೆ. ಮಕ್ಕಳೊಂದಿಗೆ ಬರುವವರಿಗೆ ಇದು ಒಂದು ಅನುಕೂಲವೇ ಸರಿ.

ಕೋಲಾರ ಪಟ್ಟಣದಿಂದ ಸುಮಾರು 3 ಕಿ.ಮೀ. ದೂರದಲ್ಲಿರುವ ಅಂತರಗಂಗೆಯು ಶತಶೃಂಗ ಪರ್ವತಶ್ರೇಣಿಯ ಭಾಗ. ಬಸವನ ಬಾಯಿಯಿಂದ ನೀರು ಬೀಳುವ ಕಲ್ಯಾಣಿ ಹಾಗೂ ಕಾಶಿ ವಿಶ್ವೇಶ್ವರ ದೇವಾಲಯದವರೆಗೆ ಕಲ್ಲಿನ ಮೆಟ್ಟಿಲುಗಳಿವೆ. ಮೆಟ್ಟಿಲ ಇಕ್ಕೆಲಗಳ ಬಂಡೆಗಳ ಮೇಲೆ ಬಂಡೆ ಓತಿಯನ್ನು ಕಾಣಬಹುದು. ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡು ಓತಿಯ ಬೆನ್ನು ಕೆಂಪೇರಿ ಪಕ್ಕೆಗಳು ಕಪ್ಪಾಗುತ್ತವೆ. ಅದು ಬಂಡೆಯ ತುದಿಯಲ್ಲಿ ಕುಳಿತು ತಲೆಯಾಡಿಸುವ ದೃಶ್ಯ ಸಾಧಾರಣ ಕ್ಯಾಮೆರಾಗೂ ದೊರೆಯುವಂತಹದು. ಪೂರ್ವ ಭಾಗದ ಇಂತಹ ಬಂಡೆಗುಡ್ಡಗಳು ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಕಾಣದ ಹಳದಿ ಗಂಟಲಿನ ಪಿಕಳಾರಕ್ಕೆ ನೆಲೆ. ಕೂಗು ಕೇಳಿದ ಕಡೆ ಓಡುವುದಕ್ಕಿಂತ ಹಣ್ಣು ಬಿಟ್ಟ ಪೊದೆಯೊಂದರ ಬಳಿ ಸುಮ್ಮನೆ ಕುಳಿತು ಕಾಯುವುದು ಲೇಸು.

ಮಾಲೂರು ತಾಲ್ಲೂಕಿನ ಟೇಕಲ್ ಬೆಟ್ಟದ ದೊಡ್ಡ ದೊಡ್ಡ ಗುಂಡುಗಳು ನಿಸರ್ಗದೃಶ್ಯದ ಛಾಯಾಚಿತ್ರಗಳಿಗೆ ಉತ್ತಮ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಬೆಟ್ಟ ಹಾಗೂ ರಾಮಲಿಂಗೇಶ್ವರ ದೇವಾಲಯ ಸಮೂಹ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದು. ದೇವಾಲಯವು ಸಂರಕ್ಷಿತ ಸ್ಮಾರಕವಾದ್ದರಿಂದ ಮುಕ್ಕಾಲಿ ಬಳಸುವವರು ಹಾಗೂ ಚಲನಚಿತ್ರೀಕರಣ ಮಾಡುವವರು ಮುಂಚಿತವಾಗಿ ಪುರಾತತ್ವ ಇಲಾಖೆಯಲ್ಲಿ ವಿಚಾರಿಸತಕ್ಕದ್ದು. ಮಾವಿಗೆ ಹೆಸರಾದ ಶ್ರೀನಿವಾಸಪುರದಲ್ಲಿ ಹಳೆಯ ತೋಪುಗಳ ಪೊಟರೆಗಳಲ್ಲಿ ಹಾಲಕ್ಕಿ, ಗಿಳಿ, ಕುಟ್ರುಹಕ್ಕಿಗಳು ವಾಸಿಸುತ್ತವೆ. ತೋಪುಗಳು ಖಾಸಗಿ ಸ್ವತ್ತು. ಫಸಲಿನ ಕಾಲದಲ್ಲಿ ಮಾಲೀಕರ ಅಥವಾ ಕಾವಲುಗಾರರ ಒಪ್ಪಿಗೆ ಇಲ್ಲದೆ ಬೇಲಿ ದಾಟಬಾರದು.

ಕೆರೆಗಳು

ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಆನಂತರ ಜಿಲ್ಲೆಯ ಹಲವು ಕೆರೆಗಳು ತುಂಬಿವೆ. ವರ್ಷಗಟ್ಟಲೆ ಜಾಲಿ ಬೆಳೆದು ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಾಗ ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿ, ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆ ಮುಂತಾದ ಪಕ್ಷಿಗಳನ್ನು ಏರಿಯ ಮೇಲಿಂದಲೇ ನೋಡಲು ಅವಕಾಶವಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ವಲಸೆ ಬಾತುಗಳ ಕಾಲ. ಈ ನೀರು ಎರಡನೇ ಹಂತದವರೆಗೆ ಸಂಸ್ಕರಿಸಿದ ತ್ಯಾಜ್ಯ ನೀರಾದ್ದರಿಂದ ಮಕ್ಕಳನ್ನು ಇಳಿಸುವುದಾಗಲೀ ಕುಡಿಯಲು ಬಳಸುವುದಾಗಲೀ ಸಲ್ಲದು.

ಬೇಸಿಗೆ ರಜೆಯಲ್ಲಿ ಕೆರೆಯಂಗಳಕ್ಕೆ ಬರುವವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಟಿಟ್ಟಿಭ ಹಕ್ಕಿಯು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಹರಳುಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ ಆಗಿರುವುದರಿಂದ ಕಾಲಡಿಗೆ ಬಂದರೂ ತಿಳಿಯುವುದಿಲ್ಲ. ಹಕ್ಕಿ ತಲೆಯ ಮೇಲೆ ಹಾರುತ್ತ ಬಿಡದೆ ಕೂಗುತ್ತಿದ್ದರೆ ಅದು ಚಿತ್ರಕ್ಕೆ ಒದಗಿದ ಅವಕಾಶವಲ್ಲ, ಮೊಟ್ಟೆ ಅಥವಾ ಮರಿ ಹತ್ತಿರದಲ್ಲಿದೆ ಎಂಬ ಸೂಚನೆ. ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ತಾಯಿಹಕ್ಕಿ ಸ್ವಲ್ಪ ಹೊತ್ತು ದೂರವಾದರೂ ಮೊಟ್ಟೆ ಬೆಂದು ಕೆಡಬಹುದು.

ಕೋಲಾರ ಎಲೆಮೂಗಿನ ಬಾವಲಿ

ಈ ಜಿಲ್ಲೆಯ ಹೆಸರನ್ನೇ ಹೊತ್ತ ಒಂದು ಜೀವಿ ಇದೆ ಎಂಬುದು ಜಿಲ್ಲೆಯವರಲ್ಲೇ ಅನೇಕರಿಗೆ ತಿಳಿಯದು. ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್ ಎಂಬ ವಿಜ್ಞಾನಿಗಳು 1994ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದ ಕೋಲಾರ ಎಲೆಮೂಗಿನ ಬಾವಲಿ ಇಂದು ಜಗತ್ತಿನಲ್ಲಿ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಬಂಡೆಬೆಟ್ಟದ ಗುಹೆಯಲ್ಲಿ ಮಾತ್ರ ಉಳಿದಿರುವುದಾಗಿ ತಿಳಿದುಬಂದಿದೆ. ಸಂಖ್ಯೆ 200ಕ್ಕಿಂತ ಕಡಿಮೆ ಎಂದು ಅಂದಾಜಿಸಲಾಗಿದ್ದು, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಅತ್ಯಂತ ಗಂಭೀರ ವರ್ಗದಲ್ಲಿ ಸೇರಿದೆ. ಹಿಂದೆ ತೇರಹಳ್ಳಿಯಲ್ಲಿಯೂ ಈ ಬಾವಲಿ ದಾಖಲಾಗಿತ್ತು. ನಂತರದ ಸಮೀಕ್ಷೆಗಳಲ್ಲಿ ಅಲ್ಲಿ ಕಂಡುಬಂದಿಲ್ಲ. ಹನುಮನಹಳ್ಳಿಯ ಬೆಟ್ಟಕ್ಕೆ ಗ್ರಾನೈಟ್ ಗಣಿಗಾರಿಕೆಯಿಂದ ಅಪಾಯವಿದ್ದುದರಿಂದ ಗುಹೆಯ ಸುತ್ತಲಿನ ಪ್ರದೇಶಕ್ಕೆ ರಕ್ಷಣೆ ನೀಡಲಾಗಿದೆ.

ಗಣಿಯನ್ನು ತಡೆಯಬಹುದು. ಆದರೆ ಮೊಬೈಲ್ ಫೋನಿನ ಬೆಳಕನ್ನು ತಡೆಯುವುದು ಜನರ ಕೈಯಲ್ಲೇ ಇದೆ. ಬಾವಲಿಗಳು ಹಗಲಿನಲ್ಲಿ ಗುಹೆಯ ಕತ್ತಲಿನಲ್ಲಿ ವಿಶ್ರಮಿಸುತ್ತವೆ. ಈ ವರ್ಗದ ಬಾವಲಿಗಳು ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮರಿ ಹಾಕುತ್ತವೆ, ಮರಿಯನ್ನು ತಾಯಿ ಮೈಗೆ ಅವುಚಿಕೊಂಡಿರುತ್ತದೆ. ಫ್ಲಾಶ್, ಟಾರ್ಚ್, ಮಾತು, ಹೊಗೆ ಇವುಗಳಿಂದ ಗುಂಪು ಒಮ್ಮೆಗೆ ಹಾರಿದರೆ ಮರಿಗಳು ಕೆಳಗೆ ಬೀಳುವ ಸಾಧ್ಯತೆಯಿದೆ. ಪದೇ ಪದೇ ಹೀಗಾದರೆ ಬಾವಲಿಗಳು ಗುಹೆಯನ್ನೇ ತೊರೆಯುತ್ತವೆ. ಬೇರೆ ಜೀವಿಯಾದರೆ ಇನ್ನೊಂದು ಕಾಡಿಗೆ ಹೋಯಿತು ಎನ್ನಬಹುದು. ಇದಕ್ಕೆ ಇನ್ನೊಂದು ಗುಹೆ ಇರುವುದು ಗೊತ್ತಿಲ್ಲ. ಆದ್ದರಿಂದ ಹನುಮನಹಳ್ಳಿಯ ಗುಹೆ ಪ್ರವಾಸಿ ಸ್ಥಳವಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಗ್ರಾಮಸ್ಥರಲ್ಲಿ ಗುಹೆಯ ದಾರಿ ತೋರಿಸುವಂತೆ ಒತ್ತಾಯಿಸಬಾರದು. ಸಂಶೋಧಕರು ಇಲಾಖೆಯ ಅನುಮತಿಯೊಂದಿಗೆ ಮಾತ್ರ ಪ್ರವೇಶಿಸತಕ್ಕದ್ದು.

ಇದೇ ಎಚ್ಚರಿಕೆ ಅಂತರಗಂಗೆಯ ಬಂಡೆಸಂದುಗಳಿಗೂ ಅನ್ವಯಿಸುತ್ತದೆ. ಬಾವಲಿ ವಾಸನೆ ಅಥವಾ ಹಿಕ್ಕೆ ಕಂಡ ಗುಹೆಯೊಳಗೆ ಹೋಗದೆ ಹೊರಗಿನಿಂದಲೇ ಹಿಂದಿರುಗಬೇಕು. ಸಂಜೆ ಗುಹೆಯಿಂದ ಹೊರಬರುವ ಬಾವಲಿಗಳನ್ನು ದೂರದಲ್ಲಿ ನಿಂತು ಬರಿಗಣ್ಣಿನಿಂದ ನೋಡಲು ಅಭ್ಯಂತರವಿಲ್ಲ. ಆ ಚಿತ್ರ ಹೇಗೂ ಚೆನ್ನಾಗಿ ಬರುವುದಿಲ್ಲ.

ನಕ್ಷತ್ರ ಆಮೆ ಮತ್ತು ಸ್ಥಳದ ಗುರುತು

ಪೂರ್ವ ಭಾಗದ ಕುರುಚಲು ಕಾಡುಗಳಲ್ಲಿ ಮಳೆ ಬಂದ ನಂತರ ನಕ್ಷತ್ರ ಆಮೆ ಕಾಣಿಸಿಕೊಳ್ಳುವುದುಂಟು. ಸಾಕುಪ್ರಾಣಿಯಾಗಿ ಮಾರುವ ಕಳ್ಳಸಾಗಣೆಯಿಂದ ತೀವ್ರ ಅಪಾಯದಲ್ಲಿರುವ ಈ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರ ಸೈಟ್ಸ್ ಸಮ್ಮೇಳನದಲ್ಲಿ ಸಂಪೂರ್ಣ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಆಮೆಯನ್ನು ಎತ್ತಿಕೊಂಡು ಮಗುವಿನ ಕೈಗಿಟ್ಟು ಚಿತ್ರ ತೆಗೆಯುವುದು, ಮನೆಗೆ ಒಯ್ಯುವುದು ಕಾನೂನಿಗೆ ವಿರುದ್ಧ. ಇನ್ನೂ ಒಂದು ಮುಖ್ಯ ಸಂಗತಿಯೆಂದರೆ, ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಸ್ಥಳದ ಅಕ್ಷಾಂಶ-ರೇಖಾಂಶವೂ ದಾಖಲಾಗಬಹುದು. ಅಂತಹ ಚಿತ್ರವನ್ನು ಹಾಗೆಯೇ ಹಂಚಿದಲ್ಲಿ ಹಿಡಿಯುವವನಿಗೆ ದಾರಿ ತೋರಿಸಿದಂತಾಗುತ್ತದೆ. ಆದುದರಿಂದ ಆಮೆ, ಗೂಡು, ಗೂಬೆ ಕೂರುವ ಮರ, ಬಾವಲಿ ಗುಹೆ ಇವುಗಳ ಚಿತ್ರ ಹಂಚುವಾಗ ಸ್ಥಳ ಸೂಚನೆಯನ್ನು ತೆಗೆದುಹಾಕಿ ತಾಲ್ಲೂಕಿನ ಹೆಸರನ್ನಷ್ಟೇ ನಮೂದಿಸಬೇಕೆಂದು ಕೋರಲಾಗಿದೆ.

ಅನುಮತಿ ಮತ್ತು ಕಾನೂನು

ರಸ್ತೆ, ಕೆರೆ ಏರಿ, ದೇವಾಲಯದ ಮೆಟ್ಟಿಲು ಮುಂತಾದ ಸಾರ್ವಜನಿಕ ಸ್ಥಳಗಳಿಂದ ಸ್ವಂತ ಉಪಯೋಗಕ್ಕಾಗಿ ಛಾಯಾಚಿತ್ರ ತೆಗೆಯಲು ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸುವ ಅವಶ್ಯಕತೆ ಇರುವುದಿಲ್ಲ. ಅರಣ್ಯ ಪ್ರದೇಶದೊಳಗೆ ಹಾದುಹೋಗುವ ಚಾರಣ ಪಥಗಳಿಗೆ ಮುಂಗಡ ನೋಂದಣಿ ಇದೆಯೇ ಎಂಬುದನ್ನು ಹೊರಡುವ ಮುನ್ನ ಪರಿಶೀಲಿಸಿಕೊಳ್ಳುವುದು. ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕೆ ಅತಿಕ್ರಮ ಪ್ರವೇಶ ಮಾಡುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅಡಿ ಅಪರಾಧ. ವನ್ಯಜೀವಿಧಾಮಗಳಲ್ಲಿ ಛಾಯಾಗ್ರಹಣಕ್ಕೆ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 28ನೇ ಪ್ರಕರಣದನ್ವಯ ಮುಖ್ಯ ವನ್ಯಜೀವಿ ಪರಿಪಾಲಕರು ಪರವಾನಗಿ ನೀಡುತ್ತಾರೆ. ಇದೇ ಅಧಿನಿಯಮದಲ್ಲಿ ‘ಬೇಟೆ’ ಎಂಬ ಪದದ ಅರ್ಥವ್ಯಾಪ್ತಿ ಕೋವಿ ಹಿಡಿದವರಿಗೆ ಮಾತ್ರ ಸೀಮಿತವಲ್ಲ. ಕಾಡುಹಕ್ಕಿ ಹಾಗೂ ಸರೀಸೃಪಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ನೀಡುವುದೂ ಅದರಲ್ಲಿ ಸೇರುತ್ತದೆ. ಗೂಡು ಸ್ಪಷ್ಟವಾಗಿ ಕಾಣಲೆಂದು ಮುಂದಿನ ಕೊಂಬೆಯನ್ನು ಕತ್ತರಿಸುವವರು ಇದನ್ನು ನೆನಪಿಡಬೇಕು.

ವಾಣಿಜ್ಯ ಚಿತ್ರೀಕರಣ ಅಥವಾ ಅರಣ್ಯದೊಳಗೆ ರಾತ್ರಿ ವಾಸ್ತವ್ಯದ ಛಾಯಾಗ್ರಹಣಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಡ್ರೋನ್ ಬಳಕೆಗೆ 2021ರ ಡ್ರೋನ್ ನಿಯಮಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ. ಆ ನಿಯಮಗಳನ್ನು ಪಾಲಿಸಿದ ಮಾತ್ರಕ್ಕೆ ಅರಣ್ಯದ ಮೇಲೆ ಹಾರಿಸಲು ಅನುಮತಿ ದೊರೆತಂತಾಗುವುದಿಲ್ಲ. ಅರ್ಜಿಯಲ್ಲಿ ತಂಡದಲ್ಲಿರುವವರ ಹೆಸರು ಮತ್ತು ವಯಸ್ಸು, ಭೇಟಿಯ ದಿನಾಂಕ, ಸ್ಥಳ, ವಾಹನದ ನೋಂದಣಿ ಸಂಖ್ಯೆ, ಉಪಕರಣಗಳ ವಿವರ ಮತ್ತು ಉದ್ದೇಶವನ್ನು ನಮೂದಿಸಿ, ಗುರುತಿನ ದಾಖಲೆಯ ಪ್ರತಿಯೊಂದಿಗೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಮೂಲಕ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಸಲ್ಲಿಸಬಹುದು. ರಜೆಯ ಹಿಂದಿನ ದಿನ ಅರ್ಜಿ ನೀಡಿ ಮರುದಿನ ಅನುಮತಿ ನಿರೀಕ್ಷಿಸುವುದು ಸೂಕ್ತವಲ್ಲ.

ಚಿತ್ರ ತೆಗೆಯುವ ಬಗ್ಗೆ

ಗ್ರಾನೈಟ್ ಬಂಡೆಯು ಬೆಳಕನ್ನು ಪ್ರತಿಫಲಿಸುವುದರಿಂದ ಬೆಳಿಗ್ಗೆ 9 ಗಂಟೆಯ ನಂತರ ಚಿತ್ರಗಳು ಬೆಳ್ಳಗೆ ಮಂಕಾಗುತ್ತವೆ. ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಗಂಟೆ ಸೂಕ್ತ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಓತಿ ಅಥವಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬಾಗಿ ತೆಗೆದ ಚಿತ್ರ ನಿಂತು ತೆಗೆದ ಚಿತ್ರಕ್ಕಿಂತ ಚೆನ್ನಾಗಿರುತ್ತದೆ. ಈ ವಿಷಯದಲ್ಲಿ ಮಕ್ಕಳಿಗೇ ಅನುಕೂಲ ಹೆಚ್ಚು. ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು, ಕಲ್ಲೆಸೆದು ಹಾರಿಸುವುದು, ಕೋತಿಗಳಿಗೆ ಬಾಳೆಹಣ್ಣು ನೀಡಿ ಹತ್ತಿರ ಕರೆಯುವುದು ಬೇಡ. ತಿಂಡಿಯ ರುಚಿ ಕಂಡ ಕೋತಿ ಮುಂದೆ ಬರುವ ಕುಟುಂಬದ ಮಗುವಿನ ಕೈಯಿಂದ ಪೊಟ್ಟಣ ಕಸಿಯುತ್ತದೆ.

ಸುರಕ್ಷತೆ

ಬಂಡೆಯ ಅಂಚಿನಲ್ಲಿ ಹೆಜ್ಜೇನು ಇದ್ದಲ್ಲಿ ಗದ್ದಲ, ಹೊಗೆ ಮತ್ತು ಸುಗಂಧದ್ರವ್ಯಗಳಿಂದ ದೂರವಿರಬೇಕು. ಫೆಬ್ರವರಿಯಿಂದ ಮೇವರೆಗೆ ಒಣಹುಲ್ಲಿಗೆ ಬೆಂಕಿ ತಗಲುವ ಭಯವಿರುವುದರಿಂದ ಬೆಟ್ಟದ ಮೇಲೆ ಅಡುಗೆ, ಧೂಮಪಾನ ಕೂಡದು. ಮಾಲೂರು ಸೇರಿದಂತೆ ಗಡಿಭಾಗಕ್ಕೆ ನೆರೆರಾಜ್ಯಗಳ ಅರಣ್ಯದಿಂದ, ವಿಶೇಷವಾಗಿ ರಾಗಿ ಕಟಾವಿನ ಕಾಲದಲ್ಲಿ, ಕಾಡಾನೆಗಳು ಬರುವುದುಂಟು. ಆನೆ ಬಂದಿರುವ ಸುದ್ದಿ ತಿಳಿದಲ್ಲಿ ಚಿತ್ರ ತೆಗೆಯಲು ಅತ್ತ ಹೋಗದೆ ಆ ಪ್ರದೇಶವನ್ನು ಬಿಟ್ಟು ತೆರಳಬೇಕು. ಜನ ಗುಂಪುಗೂಡಿದಷ್ಟೂ ಆನೆ ಗಾಬರಿಗೊಳ್ಳುತ್ತದೆ, ಸಿಬ್ಬಂದಿಯ ಕೆಲಸವೂ ಕಷ್ಟವಾಗುತ್ತದೆ. ಹಾವು ಕಡಿತವಾದಲ್ಲಿ ಹಾವನ್ನು ಹುಡುಕಿ ಚಿತ್ರ ತೆಗೆಯುತ್ತ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಧಾವಿಸತಕ್ಕದ್ದು.

ಗಾಯಗೊಂಡ ಪ್ರಾಣಿ ಪಕ್ಷಿ, ಕಾಡಿನ ಬೆಂಕಿ, ಆಮೆ ಅಥವಾ ಹಕ್ಕಿಗಳ ಮಾರಾಟ ಕಂಡುಬಂದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಬಹುದು. ಸಾಧ್ಯವಿದ್ದಲ್ಲಿ ದೂರದಿಂದ ತೆಗೆದ ಚಿತ್ರ, ಸಮಯ ಮತ್ತು ಹತ್ತಿರದ ಗ್ರಾಮದ ಹೆಸರನ್ನು ಒದಗಿಸುವುದು. ಇಂತಹ ಚಿತ್ರದಲ್ಲಿ ಮಾತ್ರ ಸ್ಥಳದ ಗುರುತನ್ನು ತೆಗೆಯದೆ ಇಲಾಖೆಗೆ ಹಾಗೆಯೇ ನೀಡತಕ್ಕದ್ದು.