ಇಂಟರ್ನ್‌ಶಿಪ್, ಕ್ರೆಡಿಟ್, ಕೂಲಿ: ಮಾಧ್ಯಮ ವಿದ್ಯಾರ್ಥಿಯ ದುಡಿಮೆಗೆ ಹೊಣೆ ಯಾರು?

ಪತ್ರಿಕೋದ್ಯಮ ಮತ್ತು ಸಂವಹನ ವಿಭಾಗಗಳಲ್ಲಿ ಇಂಟರ್ನ್‌ಶಿಪ್ ಈಗ ಪಠ್ಯಕ್ರಮದ ಅಂಗ. ಅದರಿಂದಾಗುವ ಕಲಿಕೆಯ ಬಗ್ಗೆ ಚರ್ಚೆ ಸಾಕಷ್ಟಿದೆ. ಆ ಅವಧಿಯಲ್ಲಿ ವಿದ್ಯಾರ್ಥಿ ದುಡಿದುಕೊಟ್ಟದ್ದಕ್ಕೆ ಹೊಣೆ ಯಾರದೆಂಬ ಪ್ರಶ್ನೆ ಮಾತ್ರ ಹಿಂದೆ ಬಿದ್ದಿದೆ. ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು, ಅದೂ ಮಾಧ್ಯಮ ಸಂಸ್ಥೆಗಳ ವಿರುದ್ಧವೇ. ಆ ಹೊಣೆಯ ದೊಡ್ಡ ಪಾಲು ಕಾಲೇಜಿನದು ಎಂದು ಆ ತೀರ್ಪುಗಳ ಆಧಾರದಲ್ಲೇ ವಾದಿಸಬಹುದು.

ಚರ್ಚೆಯ ಮೂಲ 1947ರ ವಾಲಿಂಗ್ ವಿರುದ್ಧ ಪೋರ್ಟ್‌ಲ್ಯಾಂಡ್ ಟರ್ಮಿನಲ್ ಪ್ರಕರಣ. ರೈಲ್ವೆ ಯಾರ್ಡಿನಲ್ಲಿ ಬ್ರೇಕ್‌ಮನ್ ಕೆಲಸ ಕಲಿಯುವವರು ನೌಕರರಲ್ಲ, ಅವರಿಗೆ ಕನಿಷ್ಠ ವೇತನ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ತರಬೇತಿ ಏಳೆಂಟು ದಿನಗಳದ್ದು. ಕಲಿಯುವವರಿಂದ ಕಂಪನಿಯ ಕೆಲಸ ಚುರುಕಾಗುತ್ತಿರಲಿಲ್ಲ, ಕೆಲವೊಮ್ಮೆ ಅಡ್ಡಿಯೇ ಆಗುತ್ತಿತ್ತು. ಈ ಸನ್ನಿವೇಶವನ್ನು ಬಿಟ್ಟು ತೀರ್ಪನ್ನಷ್ಟೇ ಹಿಡಿದವರೇ ಹೆಚ್ಚು.

‘ಬ್ಲ್ಯಾಕ್ ಸ್ವಾನ್’ ಚಿತ್ರದ ನಿರ್ಮಾಣದಲ್ಲಿ ಸಂಬಳವಿಲ್ಲದೆ ದುಡಿದವರು 2011ರಲ್ಲಿ ಫಾಕ್ಸ್ ಸರ್ಚ್‌ಲೈಟ್ ಮೇಲೆ ದಾವೆ ಹೂಡಿದರು. ಕಾಗದಪತ್ರ ನಕಲು ತೆಗೆಯುವುದು, ಊಟದ ಆರ್ಡರ್ ಪಡೆಯುವುದು, ಕಸ ಹೊರಹಾಕುವುದು ಅವರ ಪಾಲಿಗೆ ಬಂದ ಕೆಲಸಗಳು. ಇವರು ನೌಕರರೇ ಎಂದು 2013ರಲ್ಲಿ ನ್ಯೂಯಾರ್ಕಿನ ಜಿಲ್ಲಾ ನ್ಯಾಯಾಲಯ ತೀರ್ಪಿತ್ತಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಬದಿಗೆ ಸರಿಸಿ, ಈ ಸಂಬಂಧದಲ್ಲಿ ಪ್ರಧಾನ ಫಲಾನುಭವಿ ಯಾರೆಂದು ನೋಡಬೇಕೆಂದಿತು. ಅದಕ್ಕಾಗಿ ಏಳು ಅಂಶಗಳನ್ನು ಸೂಚಿಸಿತು. 2018ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯೂ ಅವನ್ನೇ ಒಪ್ಪಿಕೊಂಡಿತು.

ಆ ಏಳರಲ್ಲಿ ಮೂರು ಕಾಲೇಜಿಗೆ ನೇರವಾಗಿ ತಳಕು ಹಾಕಿಕೊಂಡಿವೆ: ತರಬೇತಿ ತರಗತಿಯ ಕಲಿಕೆಯನ್ನು ಹೋಲಬೇಕು, ಪಠ್ಯಕ್ಕೋ ಕ್ರೆಡಿಟ್‌ಗೋ ಜೋಡಣೆಯಾಗಿರಬೇಕು, ಶೈಕ್ಷಣಿಕ ವೇಳಾಪಟ್ಟಿಗೆ ಹೊಂದಬೇಕು. ಹೀಗಾಗಿ ಕಾಲೇಜಿನ ಸಹಿ ಬರೀ ಔಪಚಾರಿಕವಲ್ಲ, ಸಂಸ್ಥೆಯ ಪಾಲಿಗೆ ಅದು ರಕ್ಷಾಕವಚವೂ ಹೌದು. ವಿದ್ಯಾರ್ಥಿ ಆ ಕ್ರೆಡಿಟ್‌ಗೆ ಶುಲ್ಕ ಕಟ್ಟಿರುತ್ತಾನೆ ಎಂಬುದನ್ನು ನೆನೆದರೆ ಈ ವ್ಯವಸ್ಥೆಯ ಅನ್ಯಾಯ ಢಾಳಾಗಿ ಕಾಣುತ್ತದೆ.

ಕೂಲಿಯಷ್ಟೇ ಪ್ರಶ್ನೆಯಲ್ಲ. ಟಿ.ವಿ. ಸಂಸ್ಥೆಯೊಂದರ ಇಂಟರ್ನ್ ಸಲ್ಲಿಸಿದ ಲೈಂಗಿಕ ಕಿರುಕುಳದ ದೂರನ್ನು, ಆಕೆಗೆ ಸಂಬಳವಿಲ್ಲದ್ದರಿಂದ ಆಕೆ ನೌಕರಳಲ್ಲ ಎಂಬ ಕಾರಣಕ್ಕೆ ನ್ಯೂಯಾರ್ಕಿನ ನ್ಯಾಯಾಲಯ 2013ರಲ್ಲಿ ತಳ್ಳಿಹಾಕಿತು. ಮರುವರ್ಷ ನಗರಾಡಳಿತ ಕಾನೂನನ್ನೇ ತಿದ್ದಬೇಕಾಯಿತು. ಈ ವಿಷಯದಲ್ಲಿ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯ್ದೆ ಮುಂದಿದೆ. ತರಬೇತಿಯಲ್ಲಿರುವವರು, ಸಂಬಳವಿಲ್ಲದೆ ದುಡಿಯುವವರು ಎಲ್ಲರೂ ಅದರ ವ್ಯಾಖ್ಯೆಯೊಳಗೆ ಬರುತ್ತಾರೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿ ಇರುವ ಕಡೆ ದೂರು ಕೇಳುವುದು ಜಿಲ್ಲೆಯ ಸ್ಥಳೀಯ ಸಮಿತಿ. ಸಣ್ಣ ಜಿಲ್ಲಾ ಪತ್ರಿಕೆಗೆ ಹೋಗುವ ಹುಡುಗಿಗೆ ಈ ಮಾತನ್ನು ಹೊರಡುವ ಮುನ್ನವೇ ತಿಳಿಸಬೇಕಾದದ್ದು ವಿಭಾಗದ ಕರ್ತವ್ಯ.

ವೇತನದ ವಿಷಯದಲ್ಲಿ ನಮ್ಮ ಸ್ಥಿತಿ ಅಷ್ಟು ಸ್ಪಷ್ಟವಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಅಪ್ರೆಂಟಿಸರನ್ನು ಕಾರ್ಮಿಕರಲ್ಲವೆಂದು ಕರೆದರೂ ಅವರಿಗೆ ಸ್ಟೈಪೆಂಡ್ ಕಡ್ಡಾಯ ಮಾಡಿದೆ. ಆ ಕಾಯ್ದೆಯಡಿ ಒಪ್ಪಂದವಿಲ್ಲದೆ, ಕಾಲೇಜಿನ ಪತ್ರ ಹಿಡಿದು ಬರುವ ವಿದ್ಯಾರ್ಥಿಗೆ ಆ ಆಸರೆ ಇಲ್ಲ. ಕನ್ನಡದ ಸುದ್ದಿಮನೆಯಲ್ಲಿ ಆತ ಏಜೆನ್ಸಿ ಸುದ್ದಿಯನ್ನು ಅನುವಾದಿಸುತ್ತಾನೆ, ವೆಬ್ ಡೆಸ್ಕಿಗೆ ಶೀರ್ಷಿಕೆ ಬರೆಯುತ್ತಾನೆ. ಆ ಬರಹ ಪ್ರಕಟವಾದರೆ ಆತ 1947ರ ಬ್ರೇಕ್‌ಮನ್ ಅಲ್ಲ, ಅವನ ದುಡಿಮೆಯಿಂದ ಸಂಸ್ಥೆಯ ಕೆಲಸ ಆ ದಿನವೇ ಸಾಗಿದೆ.

ಆದ್ದರಿಂದ ಮೌಲ್ಯಮಾಪನಕ್ಕೆ ಹಾಜರಾತಿ ಪತ್ರವೂ ಪ್ರಕಟಿತ ಬರಹಗಳ ಕಡತವೂ ಸಾಲವು. ವಿದ್ಯಾರ್ಥಿಯ ಮೊದಲ ಕರಡು, ಅದರ ಮೇಲೆ ಉಪಸಂಪಾದಕ ಮಾಡಿದ ತಿದ್ದುಪಡಿ, ಎರಡನೆಯ ಕರಡು ಇವನ್ನು ವಿಭಾಗ ಕೇಳಬೇಕು. ಪ್ರಕಟವಾದದ್ದೆಲ್ಲ ಇದ್ದು ತಿದ್ದಿದ ಹಾಳೆ ಒಂದೂ ಇಲ್ಲದಿದ್ದರೆ ಅಲ್ಲಿ ನಡೆದದ್ದು ಉತ್ಪಾದನೆ. ಅಂಥ ಸಂಸ್ಥೆ ಸ್ಟೈಪೆಂಡ್ ಕೊಡಲು ಒಪ್ಪುವವರೆಗೆ ಮುಂದಿನ ತಂಡವನ್ನು ಅಲ್ಲಿಗೆ ಕಳಿಸಬಾರದು.