ಖಡಕ್

ಖಡಕ್: ಗಟ್ಟಿಯಾದ, ಬಿಗಿಯಾದ, ಕಟ್ಟುನಿಟ್ಟಾದ ಎಂಬ ಅರ್ಥಗಳಲ್ಲಿ ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಗುಣವಾಚಕ. ಕಡಕ್ ಎಂಬ ರೂಪವೂ ಉಂಟು. ರೊಟ್ಟಿ, ಚಹಾ, ಇಸ್ತ್ರಿ ಮಾಡಿದ ಅಂಗಿ, ಹೊಸ ನೋಟು, ಮಾಸ್ತರು, ಮಾತು ಎಲ್ಲಕ್ಕೂ ಈ ಒಂದೇ ವಿಶೇಷಣ ಸಲ್ಲುತ್ತದೆ. ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕಿನ ಖಜೂರಿಯ ಸೀಮೆಯಲ್ಲಿ ಇದು ಅಡುಗೆಮನೆಯ ಮಾತು. ಬೆಂಗಳೂರಿನ ಪತ್ರಿಕೆಗಳಲ್ಲಿ ಎಚ್ಚರಿಕೆ, ಸೂಚನೆಗಳಿಗೆ ಮೊದಲು ಬರುವ ತಲೆಬರಹದ ಮಾತು. ಈ ಎರಡು ಬಳಕೆಗಳ ನಡುವೆ ಶಬ್ದದ ಅರ್ಧ ಅರ್ಥ ಕಳೆದುಹೋಗಿದೆ.

ಮರಾಠಿಯಲ್ಲಿ 'ಖಡಕ' ಎಂದರೆ ಬಂಡೆ, 'ಕಡಕ' ಎಂದರೆ ಗಡುಸಾದದ್ದು. ಮೋಲ್ಸ್‌ವರ್ತನ ಮರಾಠಿ ನಿಘಂಟು (1831, ಪರಿಷ್ಕೃತ ಆವೃತ್ತಿ 1857) ಇವೆರಡನ್ನೂ ಬೇರೆ ಬೇರೆ ಶಬ್ದಗಳಾಗಿಯೇ ಕೊಡುತ್ತದೆ. ಪುಣೆ ಬಳಿಯ ಖಡಕವಾಸ್ಲಾದ ಹೆಸರಿನಲ್ಲಿರುವುದು ಮೊದಲನೆಯದು. ಎರಡನೆಯದು ಗಟ್ಟಿ ವಸ್ತು ಮುರಿಯುವಾಗ ಬರುವ ಸದ್ದಿನ ಅನುಕರಣೆ. ಸಿಡಿಲು ಗುಡುಗುವುದಕ್ಕೆ ಹಿಂದಿಯವರು ಇದೇ ಸದ್ದಿನ ಕ್ರಿಯಾಪದ ಬಳಸುತ್ತಾರೆ. ಗಡಿಯ ಕನ್ನಡಿಗರ ಬಾಯಲ್ಲಿ ಸದ್ದಿನ ಅರ್ಥಕ್ಕೆ ಬಂಡೆಯ ಮಹಾಪ್ರಾಣ ಸೇರಿಕೊಂಡಂತೆ ಕಾಣುತ್ತದೆ. ಆಳಂದ, ಈಗ ಮಹಾರಾಷ್ಟ್ರದಲ್ಲಿರುವ ಉಮರ್ಗಾ ಎರಡೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ಎಂಬ ಒಂದೇ ರಾಜ್ಯದೊಳಗಿದ್ದವು. ಇಂದು ರಾಜ್ಯದ ಗಡಿ ಅವುಗಳ ನಡುವೆ ಹಾದುಹೋಗುತ್ತದೆ, ಆದರೆ ಬೀಗತನವೂ ಸಂತೆಯೂ ಆ ಗಡಿಯನ್ನು ಯಾವತ್ತೂ ಲೆಕ್ಕಕ್ಕಿಟ್ಟಿಲ್ಲ. ಶಬ್ದಗಳೂ ಹಾಗೆಯೇ ಓಡಾಡಿವೆ.

ಕನ್ನಡಕ್ಕೆ ತನ್ನದೇ ಆದ 'ಕಡು' ಮೊದಲಿನಿಂದಲೂ ಇತ್ತು. ಕಡುಗಲಿ, ಕಡುಬಡವ, ಕಡುಬೇಸಿಗೆಗಳಲ್ಲಿ ಉಳಿದಿರುವ ಈ ಶಬ್ದಕ್ಕೆ ತಮಿಳಿನಲ್ಲಿಯೂ ಒಡಹುಟ್ಟುಗಳಿವೆ. ಸಂಸ್ಕೃತದ 'ಕಟು' ಶಬ್ದವೇ ದ್ರಾವಿಡ ಮೂಲದ್ದೆಂದು ದ್ರಾವಿಡ ವ್ಯುತ್ಪತ್ತಿ ಕೋಶದ ಕರ್ತೃಗಳಲ್ಲೊಬ್ಬರಾದ ಬರೋ ವಾದಿಸಿದ್ದರು. ಹೀಗಾಗಿ ಮರಾಠಿಯಿಂದ ಬಂದ ಖಡಕ್ ಕನ್ನಡದ ಕಿವಿಗೆ ಹೊರಗಿನದೆಂದು ಅನ್ನಿಸಲೇ ಇಲ್ಲ.

ಈ ಶಬ್ದಕ್ಕೆ ಆಧಾರ ಜೋಳದ ರೊಟ್ಟಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗಲೇ ಅದಕ್ಕೆ ಜಿಗಿ ಬರುವುದು. ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ ಬೇಯಿಸಿದರೆ ಬಿಸಿ ರೊಟ್ಟಿ. ಅದನ್ನೇ ತೆಳ್ಳಗೆ ಬಡಿದು, ಬೆಂದ ಮೇಲೆ ನೀರಿನ ಪಸೆಯೆಲ್ಲ ಹೋಗುವಂತೆ ಒಣಗಿಸಿದರೆ ಖಡಕ್ ರೊಟ್ಟಿ. ಕಟಿ ರೊಟ್ಟಿ ಎನ್ನುವವರೂ ಇದ್ದಾರೆ. ಪಸೆ ಇಲ್ಲದ್ದರಿಂದ ಬೂಸು ಹಿಡಿಯುವುದಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಶ್ರೀಶೈಲಕ್ಕೋ ಪಂಢರಪುರಕ್ಕೋ ನಡೆದು ಹೋಗುವವರ ಗಂಟಿನಲ್ಲಿ ಶೇಂಗಾ ಹಿಂಡಿಯ ಜೊತೆಗೆ ಇರುವುದು ಇದೇ. 2018ರಲ್ಲಿ ಕೊಡಗಿನ ಮಳೆ ಸಂತ್ರಸ್ತರಿಗೆ ಉತ್ತರ ಕರ್ನಾಟಕದ ಮನೆಗಳಿಂದ ಹೋದ ನೆರವಿನಲ್ಲಿಯೂ ಈ ರೊಟ್ಟಿಗಳಿದ್ದವು. ಮುರಿದರೆ ಕಟಕ್ ಎನ್ನಬೇಕು. ಬಾಗಿದರೆ ಅದು ಖಡಕ್ ಅಲ್ಲ. ಗಟ್ಟಿಯಾದದ್ದು ಕೆಡದೆ ಉಳಿಯುತ್ತದೆ, ದೂರದ ದಾರಿಗೆ ಒದಗುತ್ತದೆ ಎಂಬ ಅನುಭವ ಶಬ್ದದೊಳಗೆ ಸೇರಿದ್ದು ಇಲ್ಲಿ.

ಮನುಷ್ಯರಿಗೆ ಅನ್ವಯಿಸಿದಾಗಲೂ ಈ ಅನುಭವ ಜೊತೆಗೇ ಬರುತ್ತದೆ. "ನಮ್ಮ ಸಾಲಿ ಹೆಡ್‌ಮಾಸ್ತರು ಭಾಳ ಖಡಕ್ ಅದಾರ" ಎಂದು ತಾಯಿಯೊಬ್ಬಳು ಹೇಳಿದರೆ ಅದು ದೂರಲ್ಲ, ಮಗ ಓದುತ್ತಾನೆಂಬ ಭರವಸೆ. ಕ್ರೂರ, ಕಠೋರ ಎಂಬ ಶಬ್ದಗಳಲ್ಲಿ ಈ ಮೆಚ್ಚುಗೆ ಇಲ್ಲ. ನಿಷ್ಠುರದ ಕತೆ ಇನ್ನೂ ನೋವಿನದು. ಹನ್ನೆರಡನೆಯ ಶತಮಾನದ ವಚನಕಾರರಿಗೆ ನಿಷ್ಠುರತೆ ನ್ಯಾಯವಂತನ ಗುಣವಾಗಿತ್ತು. ಇಂದು 'ನಿಷ್ಠುರ ಕಟ್ಟಿಕೊಳ್ಳುವುದು' ಎಂದರೆ ಹಗೆತನ ಪಡೆಯುವುದು.

ನಿಜಾಮರ ಕಾಲದ ಉರ್ದು ಆಡಳಿತದ ಮೂಲಕ ಕಲಬುರಗಿಯ ಜನರಿಗೆ ಚೆನ್ನಾಗಿ ಪರಿಚಯವಾದ ಇನ್ನೊಂದು ಶಬ್ದ ಪಾರಸಿಯ 'ಸಖ್ತ್'. ಮೂಲದಲ್ಲಿ ಗಟ್ಟಿ, ಕಠಿಣ ಎಂದೇ ಅರ್ಥ. ಬೆಂಗಳೂರು, ಮೈಸೂರುಗಳಲ್ಲಿ ಅದು 'ಸಖತ್' ಆಗಿ, ಮೊದಲು 'ಬಹಳ' ಎಂಬ ಅರ್ಥ ಪಡೆದು, ಕೊನೆಗೆ 'ಅದ್ಭುತ' ಆಯಿತು. ಸಖತ್ ಸಿನಿಮಾ ಎನ್ನುವ ಹುಡುಗರಿಗೆ ಅದರ ಬಿರುಸು ತಿಳಿಯದು. ಅತಿಶಯ ಸೂಚಿಸುವ ಶಬ್ದಗಳು ತಮ್ಮ ಮೂಲದ ಗಡಸುತನವನ್ನು ಹೀಗೆ ಸವೆಸಿಕೊಳ್ಳುವುದು ಎಲ್ಲ ಭಾಷೆಗಳಲ್ಲೂ ಕಾಣುವ ಸಂಗತಿ. ನಮ್ಮ 'ಭಯಂಕರ ಚೆಂದ'ವೂ ಅಂಥದೇ.

ಇಂಗ್ಲಿಷಿನಿಂದ ಬಂದ 'ಸ್ಟ್ರಿಕ್ಟ್' ಈಗ ಹಳ್ಳಿಗಳಲ್ಲೂ ಕೇಳುತ್ತದೆ. ಅದರ ಲ್ಯಾಟಿನ್ ಮೂಲದ ಅರ್ಥ ಎಳೆದು ಬಿಗಿಯುವುದು. ಕನ್ನಡದ 'ಬಿಗಿ ಬಂದೋಬಸ್ತು' ಕೂಡ ಹಗ್ಗದ ಗಂಟಿನಿಂದಲೇ ಹುಟ್ಟಿದ್ದು. ಇಂಗ್ಲಿಷಿನ ಇನ್ನೊಂದು ಶಬ್ದ 'ರಿಗರ್' ಲ್ಯಾಟಿನ್ನಿನಲ್ಲಿ ಸೆಟೆತ. ಸತ್ತ ದೇಹ ಸೆಟೆಯುವುದಕ್ಕೆ ವೈದ್ಯರು 'ರಿಗರ್ ಮಾರ್ಟಿಸ್' ಎನ್ನುವುದು ಇದರಿಂದ. 1860ರ ಭಾರತೀಯ ದಂಡ ಸಂಹಿತೆಯ 'ರಿಗರಸ್' ಸೆರೆವಾಸವೂ ಇದರಿಂದಲೇ. ಅದನ್ನು ನಾವು ಕಠಿಣ ಸಜೆ ಎಂದೆವು. ಕಾನೂನಿನಲ್ಲಿ ಅದರ ಅರ್ಥ ದುಡಿಮೆಯೊಂದಿಗಿನ ಸೆರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಹಾಗೇ ಇದೆ. ಅದಕ್ಕೆ ಖಡಕ್ ಸಜೆ ಎಂದು ಯಾರೂ ಹೇಳುವುದಿಲ್ಲ. ಬಡಿದು ಒಣಗಿಸಿದ ರೊಟ್ಟಿಯ ಶಬ್ದವನ್ನು ಜನ ಸೆರೆಮನೆಗೆ ಕಳಿಸಿಲ್ಲ.

ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಗುಂಪುಗಳ ಮಹಿಳೆಯರ ರೊಟ್ಟಿಗಳನ್ನು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ರೊಟ್ಟಿಯ ಜೊತೆಗೆ ಶಬ್ದವೂ ದೂರದ ಊರುಗಳಿಗೆ ಹೋಗುತ್ತಿದೆ. ಖಡಕ್ ಎಂಬ ಶಬ್ದಕ್ಕೆ ಕನ್ನಡದ ನಿಘಂಟುಕಾರರು ಅರ್ಥ ಬರೆಯುವಾಗ ಎಚ್ಚರಿಕೆ, ತಾಕೀತುಗಳನ್ನು ಆಮೇಲೆ ಇಟ್ಟು, ರೊಟ್ಟಿಯನ್ನು ಮೊದಲು ಬರೆಯಬೇಕು.