ಕನ್ನಡ ಸಾಲಿಯ ಚುನಾವಣೆ: ಪಾಲಕರಿಗೆ ಮತ ಬಂದ ಬಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಹಿರಿಯರ ಬಾಯಲ್ಲಿ ಇಂದಿಗೂ ‘ಕನ್ನಡ ಸಾಲಿ’ ಎಂದೇ ಹೆಸರು. ಈ ಸಾಲಿಗೂ ಒಂದು ಚುನಾವಣೆ ಉಂಟು. ಅದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು, ಜನರ ಮಾತಿನಲ್ಲಿ ಎಸ್‌ಡಿಎಂಸಿ. ಪಾಲಕರ ಸ್ಥಾನಕ್ಕೆ ನಿಲ್ಲುವವರಿಗೆ ಬೇಕಾದ ಮುಖ್ಯ ಅರ್ಹತೆ ಒಂದೇ: ಅವರ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ಇಷ್ಟು ಸರಳವಾದ ನಿಯಮ ಬರಲು ಸುಮಾರು 140 ವರ್ಷ ಹಿಡಿಯಿತು!

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1863ರ ಸುಮಾರಿಗೆ ಅಲ್ಲಿ ‘ಲೋಕಲ್ ಫಂಡ್’ ಕರ ಬಂದಿತು. ರೈತನು ಕಟ್ಟುವ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ. ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗೆ, ಉಳಿದುದು ರಸ್ತೆ ಮುಂತಾದ ಕೆಲಸಗಳಿಗೆ. ಹೀಗೆ ಹಳ್ಳಿಯ ಸಾಲಿ ರೈತನ ಹಣದಿಂದಲೇ ನಡೆಯಿತು. ಮಾತು ಮಾತ್ರ ಅಧಿಕಾರಿಗಳದು. ಮಕ್ಕಳು ಮರಾಠಿ ಕಲಿಯಬೇಕೋ ಕನ್ನಡ ಕಲಿಯಬೇಕೋ ಎಂಬುದೂ ಇಲಾಖೆಯ ತೀರ್ಮಾನವೇ ಆಗಿತ್ತು. ಕನ್ನಡಕ್ಕಾಗಿ ಹೋರಾಡಿದ ಡೆಪ್ಯುಟಿ ಚನ್ನಬಸಪ್ಪನವರೂ ಇಲಾಖೆಯ ಅಧಿಕಾರಿಯೇ ಎಂಬುದು ಗಮನಾರ್ಹ.

ರಿಪ್ಪನ್ ಪ್ರಭುವಿನ 1882ರ ನಿರ್ಣಯದ ಫಲವಾಗಿ 1884ರಲ್ಲಿ ಲೋಕಲ್ ಬೋರ್ಡ್ ಕಾಯ್ದೆ ಬಂದು, ತಾಲ್ಲೂಕು, ಜಿಲ್ಲಾ ಬೋರ್ಡುಗಳಲ್ಲಿ ಚುನಾಯಿತರಿಗೂ ಜಾಗ ದೊರೆಯಿತು. ಮತದಾನದ ಹಕ್ಕು ಆಸ್ತಿ ಉಳ್ಳವರಿಗೆ. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಈ ಸಂಸ್ಥೆಗಳಿಗೆ ಒಪ್ಪಿಸಿ ‘ಸ್ಕೂಲ್ ಬೋರ್ಡ್’ಗಳನ್ನು ಹುಟ್ಟುಹಾಕಿತು. ಆದರೆ ಅದರ ಸದಸ್ಯರನ್ನು ಆರಿಸುತ್ತಿದ್ದವರು ಲೋಕಲ್ ಬೋರ್ಡಿನ ಸದಸ್ಯರು. ಮಗುವಿನ ತಂದೆಯಲ್ಲ, ತಾಯಿಯಂತೂ ಅಲ್ಲವೇ ಅಲ್ಲ.

ಸ್ಕೂಲ್ ಬೋರ್ಡ್ ಎಂಬ ಹೆಸರು ಇಂಗ್ಲೆಂಡಿನಲ್ಲಿ ಮೊದಲೇ ಬಳಕೆಯಲ್ಲಿತ್ತು. ಅಲ್ಲಿ 1870ರ ಕಾಯ್ದೆಯಡಿ ಬೋರ್ಡುಗಳಿಗೆ ನೇರ ಚುನಾವಣೆ ನಡೆಯಿತು. ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತವಿಲ್ಲದ ಆ ಕಾಲದಲ್ಲೇ ವೈದ್ಯೆ ಎಲಿಜಬೆತ್ ಗ್ಯಾರೆಟ್ ಲಂಡನ್ ಬೋರ್ಡಿಗೆ ಆರಿಸಿ ಬಂದರು. ಅಲ್ಲಿಯೂ ಮತ ತೆರಿಗೆದಾರನ ಹಕ್ಕಾಗಿತ್ತು, ಪಾಲಕನದಲ್ಲ.

ನಮ್ಮಲ್ಲಿ 1938ರ ತಿದ್ದುಪಡಿ ಬೋರ್ಡುಗಳ ಅಧಿಕಾರವನ್ನು ಮೊಟಕುಗೊಳಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಶಾಲೆ ಹೆಚ್ಚುಕಡಿಮೆ ಇಲಾಖೆಯ ಸ್ವತ್ತೇ ಆಯಿತು. ಊರ ಹಿರಿಯರ ಸಮಿತಿಗಳು ಇದ್ದವು, ಇರಲಿ.

ನಿಜವಾದ ತಿರುವು 2001ರ ಏಪ್ರಿಲ್‌ನಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಸರ್ಕಾರವು ಆದೇಶ ಹೊರಡಿಸಿ ಎಸ್‌ಡಿಎಂಸಿ ರಚಿಸಿತು. ಪಾಲಕರೇ ತಮ್ಮೊಳಗಿನಿಂದ 9 ಸದಸ್ಯರನ್ನು ಆರಿಸಬೇಕು, ಅಧ್ಯಕ್ಷರೂ ಪಾಲಕರೇ. ಮುಖ್ಯೋಪಾಧ್ಯಾಯರು ಕಾರ್ಯದರ್ಶಿ. ಬ್ಯಾಂಕ್ ಖಾತೆ ಇಬ್ಬರ ಜಂಟಿ ಹೆಸರಿನಲ್ಲಿ. ಹೆಬ್ಬೆಟ್ಟಿನ ಕೂಲಿಕಾರನಿಗೂ ಸರ್ಕಾರಿ ಹಣದ ಮೇಲೆ ಅಂಕೆ ಇಡುವ ಅವಕಾಶ ಆ ದಿನ ಬಂದಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗಿ, ಸಮಿತಿಯ ನಾಲ್ಕನೆಯ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಎಂದು ವಿಧಿಸಿತು.

ಇದರಲ್ಲೊಂದು ಸೂಕ್ಷ್ಮವಿದೆ. ಹತ್ತಾರು ಎಕರೆ ಕಬ್ಬು ಬೆಳೆಯುವ ಊರ ಗೌಡನ ಮಕ್ಕಳು ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರೆ, ಅವನು ಪಾಲಕರ ಸ್ಥಾನಕ್ಕೆ ನಿಲ್ಲುವಂತಿಲ್ಲ. ಅವನ ಹೊಲದಲ್ಲಿ ಕಳೆ ತೆಗೆಯುವವಳು ನಿಲ್ಲಬಹುದು. ಲೋಕಲ್ ಫಂಡಿನ ಕಾಲದ ಲೆಕ್ಕ ಇಲ್ಲಿ ತಲೆಕೆಳಗಾಗಿದೆ. ಉಳ್ಳವರು ಕನ್ನಡ ಸಾಲಿಯನ್ನು ಬಿಟ್ಟು ಹೋದ ಮೇಲೆ ಈ ಅಧಿಕಾರ ಕೈಗೆ ಬಂತೆಂಬ ಕಹಿಯೂ ಅದರಲ್ಲಿದೆ. ಗೌಡನೇನೂ ಸುಮ್ಮನಿರುವುದಿಲ್ಲ, ‘ಅವಿರೋಧ ಆಯ್ಕೆ’ಯ ಹೆಸರಿನಲ್ಲಿ ತನ್ನ ಕಡೆಯವರನ್ನು ಕೂರಿಸುವ ಉಪಾಯ ಅವನಿಗೆ ಗೊತ್ತು.

ಆದರೂ ಈ ಕುರ್ಚಿಗೆ ಒಂದು ಮಿತಿ ಇದೆ. ಮಗು ಶಾಲೆ ಮುಗಿಸಿ ಹೊರಟರೆ ಪಾಲಕರ ಸದಸ್ಯತ್ವವೂ ಮುಗಿಯಿತು. ಆ ಜಾಗ ತುಂಬಲು ಮುಖ್ಯೋಪಾಧ್ಯಾಯರು ಮತ್ತೆ ಪಾಲಕರ ಸಭೆ ಕರೆಯಬೇಕು.